ಉಮ್ಮನಿಗೆ ಓದಲಾಗದ ಡೈರಿ

ಇತ್ತೀಚೆಗೆ ನಮ್ಮ ಕಚೇರಿಗೆ ಓರ್ವ ತಾಯಿ ಬಂದಿದ್ದರು. ಕೈಯಲ್ಲಿ ಎರಡನೇ ತರಗತಿಯ ಮಗನ ಶಾಲಾ ಡೈರಿ. ಪತ್ರಿಕಾ ಕಚೇರಿಗೆ ಬರುವವರು ಸಾಮಾನ್ಯವಾಗಿ ಮನವಿ ಪತ್ರವನ್ನೋ, ವಧು-ವರರ ಜಾಹೀರಾತನ್ನೋ, ಯಾರದೋ ಮೇಲಿನ ದೂರನ್ನೋ ತರುತ್ತಾರೆ. ಆಕೆ ಕೇಳಿದ್ದು ಇಷ್ಟೇ: "ಇದರಲ್ಲಿ ಏನು ಬರೆದಿದ್ದಾರೆ, ಸ್ವಲ್ಪ ಓದಿ ಹೇಳಿ." ಡೈರಿಯ ಒಂದೇ ಪುಟದಲ್ಲಿ, ಮೂರು ಬೇರೆ ಬೇರೆ ದಿನಾಂಕಗಳಲ್ಲಿ, ಅಧ್ಯಾಪಿಕೆ ಇಂಗ್ಲಿಷಿನಲ್ಲಿ ಒಂದೇ ಮಾತನ್ನು ಬರೆದಿದ್ದರು. ಮಗು ಹೋಮ್‌ವರ್ಕ್ ಮಾಡದೆ ಬರುತ್ತಿದೆ, ಹೆತ್ತವರು ಗಮನಿಸಬೇಕು. ಮೂರರ ಕೆಳಗೂ ತಾಯಿಯ ಸಹಿಯಿತ್ತು. ನಾಲ್ಕನೆಯ ಬಾರಿ ಶಾಲೆಯವರು ಬರೆಯಲಿಲ್ಲ. ಮಗುವನ್ನು ತರಗತಿಯ ಬಾಗಿಲ ಹೊರಗೆ ನಿಲ್ಲಿಸಿದರು. ಹೆತ್ತವರಿಗೇ ಕಾಳಜಿ ಇಲ್ಲದ ಮೇಲೆ ನಾವೇನು ಮಾಡಲಿ ಎಂಬುದು ಅವರ ಸಮಜಾಯಿಷಿ.

ಸಹಿ ಹಾಕುವ ಮುನ್ನ ಆ ತಾಯಿ ಏನು ಬರೆದಿದೆ ಎಂದು ಕೇಳದೆ ಇರಲಿಲ್ಲ. ಆದರೆ ಕೇಳಿದ್ದು ಮಗನಲ್ಲಿ. ಅವನಿಗೂ ಆ ಕೂಡುಬರಹವನ್ನು ಓದಲು ಬರುತ್ತಿರಲಿಲ್ಲವಾದರೂ ಅಧ್ಯಾಪಿಕೆ ಬರೆಯುವಾಗ ಗದರಿದ್ದರಿಂದ ವಿಷಯ ತಿಳಿದಿತ್ತು. "ನಾನು ಚೆನ್ನಾಗಿ ಬರೆದಿದ್ದೇನೆ ಅಂತ ಬರೆದಿದ್ದಾರೆ ಉಮ್ಮಾ" ಎಂದು ಮೂರು ಬಾರಿಯೂ ಹೇಳಿದ್ದ. ಏಳು ವರ್ಷದ ಮಗು ಹೆದರಿ ಸುಳ್ಳು ಹೇಳುವುದು ಲೋಕದಲ್ಲಿ ಹೊಸತೇನೂ ಅಲ್ಲ. ಆಕೆಗೂ ಅದರ ಬಗ್ಗೆ ಅಷ್ಟೊಂದು ಸಿಟ್ಟಿರಲಿಲ್ಲ. "ನನಗೆ ಓದಲಿಕ್ಕೆ ಬರುವುದಿಲ್ಲ ಅಂತ ಅವನಿಗೆ ಗೊತ್ತಾಗಿಬಿಟ್ಟಿದೆಯಲ್ಲ" ಎಂದು ಹೇಳುವಾಗ ಮಾತ್ರ ಆಕೆಯ ಧ್ವನಿ ಕುಗ್ಗಿತು. ಡೈರಿಯ ಫೋಟೋ ತೆಗೆದು ಗಲ್ಫಿನಲ್ಲಿರುವ ಪತಿಗೆ ಕಳುಹಿಸಬಹುದಿತ್ತಲ್ಲ ಎಂದು ಕೇಳಿದೆವು. "ಕಳುಹಿಸಿದರೆ ಮೊದಲು ಮಗನಿಗೆ ಬೈಯುತ್ತಾರೆ, ಆಮೇಲೆ ನನಗೆ" ಎಂದರು.

ಇಲ್ಲಿ ನಾವು ಗಮನಿಸಲೇಬೇಕಾದ ಒಂದು ಸಂಗತಿಯಿದೆ. ಆಕೆ ಅನಕ್ಷರಸ್ಥೆಯಲ್ಲ. ಸರಕಾರಿ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಕನ್ನಡದಲ್ಲಿ ಕಲಿತವರು. ಈ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವವರು. ಕಚೇರಿಯ ವಿಳಾಸ ಸಿಕ್ಕಿದ್ದೂ ಪತ್ರಿಕೆಯಿಂದಲೇ. ಓದು ಬಲ್ಲ ಓರ್ವ ಮಹಿಳೆಯನ್ನು ಆಕೆಯ ಮಗನ ಕಣ್ಣೆದುರೇ ಅನಕ್ಷರಸ್ಥೆಯನ್ನಾಗಿಸಿದ್ದು ಒಂದು ಡೈರಿ. ನಮ್ಮ ಪಟ್ಟಣಗಳ ಎಷ್ಟು ಮನೆಗಳಲ್ಲಿ ಪ್ರತಿ ಸಂಜೆ ಇದೇ ನಡೆಯುತ್ತಿರಬಹುದು? ಮಗು ಬ್ಯಾಗು ತೆರೆಯುತ್ತದೆ. ತಾಯಿ ಪುಸ್ತಕ ಹಿಡಿಯುತ್ತಾಳೆ. ಎರಡನೇ ಸಾಲಿನಲ್ಲಿ ಆಕೆ ತಡವರಿಸುತ್ತಾಳೆ. ಮಗು ತಿದ್ದುತ್ತದೆ, ಮೊದಲು ನಗುತ್ತಾ, ಕೆಲವು ತಿಂಗಳ ಬಳಿಕ ಬೇಸರದಿಂದ. "ನಿನಗೆ ಗೊತ್ತಿಲ್ಲ, ಬಿಡು" ಎಂಬ ಮಾತು ಇಂಗ್ಲಿಷ್ ಪಾಠಕ್ಕಷ್ಟೇ ನಿಲ್ಲುವುದಿಲ್ಲ. ನಾಳೆ ಗೆಳೆಯರ ಬಗ್ಗೆ, ನಾಡಿದ್ದು ಮೊಬೈಲಿನ ಬಗ್ಗೆ, ಹದಿನೈದನೆಯ ವಯಸ್ಸಿನಲ್ಲಿ ಬದುಕಿನ ಬಗ್ಗೆ ಆಕೆ ಬುದ್ಧಿ ಹೇಳಹೊರಟಾಗಲೂ ಅದೇ ಮಾತು ಎದುರಾಗುತ್ತದೆ. ಹದಿಹರೆಯದ ಮಕ್ಕಳು ತಾಯಿಯ ಮಾತು ಕೇಳುವುದಿಲ್ಲ ಎಂದು ಜಮಾಅತ್‌ನ ಸಭೆಗಳಲ್ಲಿ ಆತಂಕ ವ್ಯಕ್ತಪಡಿಸುವವರು, ಆಕೆಯ ಮಾತಿಗೆ ಬೆಲೆ ಕುಸಿಯತೊಡಗಿದ್ದು ಯಾವ ತರಗತಿಯಲ್ಲಿ ಎಂದು ಒಮ್ಮೆ ಹಿಂತಿರುಗಿ ನೋಡುವುದೊಳ್ಳೆಯದು.

ನಾವು ಇಂಗ್ಲಿಷ್ ಮಾಧ್ಯಮವನ್ನು ಜರೆಯಲು ಹೊರಟಿಲ್ಲ. ಜರೆಯುವ ನೈತಿಕ ಹಕ್ಕು ಇರುವವರು ಈ ನಾಡಿನಲ್ಲಿ ಕಡಿಮೆ. ಕನ್ನಡ ಮಾಧ್ಯಮದ ಪರ ಭಾಷಣ ಬಿಗಿಯುವವರ ಮಕ್ಕಳು, ಮೊಮ್ಮಕ್ಕಳು ಎಲ್ಲಿ ಓದುತ್ತಿದ್ದಾರೆಂಬುದು ಎಲ್ಲರಿಗೂ ಗೊತ್ತಿರುವ ಗುಟ್ಟು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯನ್ನೇ ಮಾಧ್ಯಮವಾಗಿ ಹೇರಲು ಸರಕಾರಕ್ಕೆ ಅಧಿಕಾರವಿಲ್ಲ ಎಂದು ಸುಪ್ರೀಂ ಕೋರ್ಟ್ ಕರ್ನಾಟಕದ ಪ್ರಕರಣದಲ್ಲೇ 2014ರ ಮೇ 6ರಂದು ತೀರ್ಪಿತ್ತಿತು. 2019-20ರಲ್ಲಿ ರಾಜ್ಯ ಸರಕಾರವೇ ತನ್ನ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳನ್ನು ತೆರೆಯಿತು. ಹೀಗಿರುವಾಗ ಮೀನು ಮಾರುವವನ, ಗುಜರಿ ಅಂಗಡಿಯವನ, ರಿಕ್ಷಾ ಓಡಿಸುವವನ ಮಗು ಮಾತ್ರ ಇಂಗ್ಲಿಷಿನ ಆಸೆ ಪಡಬಾರದೆಂದರೆ ಅದು ನ್ಯಾಯವಲ್ಲ. ತನಗೆ ದಕ್ಕದಿದ್ದುದು ಮಗುವಿಗಾದರೂ ದಕ್ಕಲಿ ಎಂಬ ಹೆತ್ತವರ ಹಂಬಲದಲ್ಲಿ ತಪ್ಪು ಹುಡುಕಲು ನಾವು ಸಿದ್ಧರಿಲ್ಲ.

ಆ ತಾಯಿಗೆ ಅದು ಯಾಕೆ ದಕ್ಕಲಿಲ್ಲ ಎಂಬುದಕ್ಕೂ ಉತ್ತರ ದಾಖಲೆಯಲ್ಲಿದೆ. 2006ರಲ್ಲಿ ಸಾಚಾರ್ ಸಮಿತಿ ವರದಿ ಸಲ್ಲಿಸಿದಾಗ, ದೇಶದ 6ರಿಂದ 14 ವರ್ಷದೊಳಗಿನ ಮುಸ್ಲಿಮ್ ಮಕ್ಕಳಲ್ಲಿ ಶೇ. 25ರಷ್ಟು ಮಂದಿ ಒಂದೋ ಶಾಲೆಯ ಮೆಟ್ಟಿಲು ಹತ್ತದವರು ಅಥವಾ ಅರ್ಧದಲ್ಲೇ ಬಿಟ್ಟವರು ಎಂಬ ಅಂಶ ಹೊರಬಿತ್ತು. ಆಗ ನಾವೆಲ್ಲ ಸರಕಾರಗಳನ್ನು ತರಾಟೆಗೆ ತೆಗೆದುಕೊಂಡೆವು, ಸರಿಯಾಗಿಯೇ ತೆಗೆದುಕೊಂಡೆವು. ವಿಚಾರಗೋಷ್ಠಿಗಳು ನಡೆದವು, ಠರಾವುಗಳಾದವು. ಆದರೆ ಆ ಲೆಕ್ಕದೊಳಗಿದ್ದ ಹೆಣ್ಮಕ್ಕಳಿಗೂ ವಯಸ್ಸಾಗುತ್ತದೆ, ಅವರಿಗೂ ಮದುವೆಯಾಗುತ್ತದೆ, ಮಕ್ಕಳಾಗುತ್ತವೆ ಎಂಬುದು ಬಹುಶಃ ಯಾರ ಗಮನಕ್ಕೂ ಬರಲಿಲ್ಲ. ಅಂದು ಎಂಟು-ಹತ್ತು ವರ್ಷದವರಾಗಿದ್ದ ಅವರೇ ಇಂದು ಶಾಲೆಯ ಗೇಟಿನ ಬಳಿ ಮಗುವಿಗಾಗಿ ಕಾಯುವ ತಾಯಂದಿರು. ಅಂದು ಶಾಲೆ ಬಿಡಿಸಿದ ಅದೇ ಸಮಾಜ ಇಂದು ಅವರ ಕೈಗೆ ಇಂಗ್ಲಿಷ್ ಡೈರಿ ಕೊಟ್ಟು, ಮಗುವಿಗೆ ಕಲಿಸಲು ನಿನಗೇನು ಧಾಡಿ ಎಂದು ಕೇಳುತ್ತಿದೆ.

ಇನ್ನು, ಆ ಡೈರಿಯಲ್ಲಿದ್ದ ಆರೋಪಕ್ಕೆ ಬರೋಣ. ಎರಡನೇ ತರಗತಿಯ ಮಗು ಹೋಮ್‌ವರ್ಕ್ ಮಾಡಿಲ್ಲ. ಅಷ್ಟಕ್ಕೂ ಎರಡನೇ ತರಗತಿಯ ಮಗುವಿಗೆ ಹೋಮ್‌ವರ್ಕ್ ಯಾಕೆ? ಒಂದು ಮತ್ತು ಎರಡನೇ ತರಗತಿಗಳಿಗೆ ಹೋಮ್‌ವರ್ಕ್ ಕೊಡಕೂಡದೆಂದು ಕೇಂದ್ರದ ಮಾನವ ಸಂಪನ್ಮೂಲ ಸಚಿವಾಲಯ 2018ರ ನವೆಂಬರ್‌ನಲ್ಲಿ ಸೂಚಿಸಿತ್ತು. 2019ರಲ್ಲಿ ಕರ್ನಾಟಕದ ಶಿಕ್ಷಣ ಇಲಾಖೆಯೂ ಅದನ್ನೇ ಹೇಳಿತು. ಈ ತರಗತಿಗಳ ಮಕ್ಕಳ ಬ್ಯಾಗು ಎರಡು ಕಿಲೋ ಮೀರಬಾರದು, ಯಾವ ಮಗುವೂ ತನ್ನ ತೂಕದ ಹತ್ತನೇ ಒಂದಂಶಕ್ಕಿಂತ ಹೆಚ್ಚು ಭಾರ ಹೊರಬಾರದು ಎಂದೂ ಹೇಳಿತು. ಇದೇನೂ ಹೊಸ ಚರ್ಚೆಯಲ್ಲ. ರಾಜ್ಯಸಭೆಯ ಸದಸ್ಯರಾಗಿದ್ದ ನಮ್ಮ ಮೈಸೂರಿನ ಆರ್.ಕೆ. ನಾರಾಯಣ್ ಅವರು ಸದನದಲ್ಲಿ ತಮ್ಮ ಮೊದಲ ಭಾಷಣವನ್ನು ಮೀಸಲಿಟ್ಟದ್ದು ಪುಟ್ಟ ಮಕ್ಕಳ ಬೆನ್ನ ಮೇಲಿನ ಬ್ಯಾಗಿಗೆ, 1989ರಲ್ಲಿ. ಬಳಿಕ ಪ್ರೊ. ಯಶ್‌ಪಾಲ್ ಅವರ ನೇತೃತ್ವದ ಸಮಿತಿ 1993ರಲ್ಲಿ ಹೊರೆಯಿಲ್ಲದ ಕಲಿಕೆಯ ಬಗ್ಗೆ ವರದಿ ನೀಡಿತು. ಬ್ಯಾಗಿನ ಭಾರಕ್ಕಿಂತಲೂ ಅರ್ಥವಾಗದ ಪಾಠದ ಭಾರವೇ ಮಗುವನ್ನು ಹೆಚ್ಚು ಬಳಲಿಸುತ್ತದೆ ಎಂಬುದು ಆ ವರದಿಯ ತಿರುಳು. ಅಂದು ಬ್ಯಾಗು ಹೊತ್ತ ಮಕ್ಕಳು ಇಂದು ತಮ್ಮ ಮಕ್ಕಳ ಬ್ಯಾಗು ಹೊತ್ತು ವ್ಯಾನಿನ ಬಳಿ ಓಡುತ್ತಿದ್ದಾರೆ.

ಆದೇಶಗಳು ಜಾರಿಯಾಗದಿರಲು ಇಲಾಖೆಯ ಆಲಸ್ಯವೊಂದೇ ಕಾರಣವೆಂದು ಹೇಳಿ ಕೈತೊಳೆದುಕೊಳ್ಳಲು ಸಾಧ್ಯವಿಲ್ಲ. ಹೋಮ್‌ವರ್ಕ್ ಕೊಡದ ಶಾಲೆ ಶಾಲೆಯೇ ಅಲ್ಲ ಎಂದು ತೀರ್ಮಾನಿಸಿರುವವರು ನಾವು, ಹೆತ್ತವರು. ಮಕ್ಕಳನ್ನು ಆಡಲು ಬಿಡುವ ಅಧ್ಯಾಪಿಕೆಯ ವಿರುದ್ಧ ದೂರು ಹೋಗುತ್ತದೆ, ಪುಟಗಟ್ಟಲೆ ಬರೆಸುವ ಅಧ್ಯಾಪಿಕೆಗೆ ಶಹಬ್ಬಾಸ್ ಸಿಗುತ್ತದೆ. ಕೆಲವು ಶಾಲೆಗಳ ಮುಖ್ಯಸ್ಥರು, ನೀವೇ ಕೇಳುತ್ತೀರಿ, ನಾವು ಕೊಡುತ್ತೇವೆ ಎಂದು ಮುಖಕ್ಕೆ ಹೊಡೆದಂತೆ ಹೇಳಿದಾಗ ನಮ್ಮಲ್ಲಿ ಉತ್ತರವಿರುವುದಿಲ್ಲ.

ತಾಯಿಗೆ ಹೇಳಿಕೊಡಲು ಬರುವುದಿಲ್ಲ, ಶಾಲೆ ಬಿಡುವುದಿಲ್ಲ. ಉಳಿದ ದಾರಿ ಟ್ಯೂಶನ್. ನಮ್ಮ ಪಟ್ಟಣಗಳಲ್ಲಿ ಆರು ವರ್ಷದ ಮಗುವಿನ ಒಂದು ದಿನವನ್ನು ಲೆಕ್ಕ ಹಾಕಿ. ಬೆಳಗ್ಗೆ ಆರಕ್ಕೆ ಎಬ್ಬಿಸಬೇಕು, ಏಳರೊಳಗೆ ಮದ್ರಸ. ಎಂಟೂವರೆಗೆ ಮನೆಗೆ ಓಡಿ ಬಂದು ಸಮವಸ್ತ್ರ ತೊಟ್ಟು, ಚಹಾದಲ್ಲಿ ಅದ್ದಿದ ರೊಟ್ಟಿಯನ್ನು ಅರ್ಧ ತಿಂದು ವ್ಯಾನು ಹತ್ತಬೇಕು. ಸಂಜೆ ನಾಲ್ಕೂವರೆಗೆ ಮನೆ. ಐದಕ್ಕೆ ಟ್ಯೂಶನ್. ಮಗ್‌ರಿಬ್ ಕಳೆದು ಮನೆ ಸೇರಿದ ಮೇಲೆ ಉಸ್ತಾದರು ಬಾಯಿಪಾಠ ಮಾಡಲು ಕೊಟ್ಟ ಪಾಠವಿದೆ. ಎಂಟೂವರೆಗೆ ಮಗುವಿನ ಕಣ್ಣು ಮುಚ್ಚುತ್ತಿರುತ್ತದೆ, ತುತ್ತು ಬಾಯಿಯಲ್ಲೇ ಇರುತ್ತದೆ. ಹತ್ತು ಹನ್ನೆರಡು ಗಂಟೆ ದುಡಿದರೆ ಅದು ಶೋಷಣೆ ಎಂದು ಕಾರ್ಮಿಕರ ಪರವಾಗಿ ನಾವು ಇದೇ ಪುಟದಲ್ಲಿ ಬರೆಯುತ್ತೇವೆ. ಮಗುವಿಗೆ ಸಂಘಟನೆಯಿಲ್ಲ.

ಈ ದಿನಚರಿಯಲ್ಲಿ ತಂದೆ ಎಲ್ಲಿದ್ದಾರೆ? ಅಂಗಡಿಯಲ್ಲಿದ್ದಾರೆ, ರಾತ್ರಿ ಹತ್ತಕ್ಕೆ ಬಾಗಿಲು ಹಾಕಿ ಬರುವಾಗ ಮಗು ನಿದ್ದೆ ಹೋಗಿರುತ್ತದೆ. ಅಥವಾ ಜಿದ್ದಾದಲ್ಲಿ, ದುಬೈಯಲ್ಲಿ, ಕುವೈತ್‌ನಲ್ಲಿದ್ದಾರೆ; ಮೊಬೈಲಿನ ಪರದೆಯಲ್ಲಿ ಹತ್ತು ನಿಮಿಷ ಕಾಣಿಸಿಕೊಳ್ಳುತ್ತಾರೆ. ಆ ಹತ್ತು ನಿಮಿಷಗಳಲ್ಲಿ ಮೊದಲ ಪ್ರಶ್ನೆ "ಮಾರ್ಕು ಎಷ್ಟು?" ಎರಡನೆಯದು "ಉಮ್ಮನಿಗೆ ಉಪದ್ರ ಕೊಡುತ್ತೀಯಾ?" ಮಗು ಮೊಬೈಲನ್ನು ತಾಯಿಯ ಕೈಗೆ ಕೊಟ್ಟು ಓಡಿಹೋಗುತ್ತದೆ. ಹಗಲಿಡೀ "ಬಾಪನಿಗೆ ಹೇಳುತ್ತೇನೆ ನೋಡು" ಎಂದು ಹೆದರಿಸಿ ಹೆದರಿಸಿ ನಾವು ಆ ದೂರದ ಮನುಷ್ಯನನ್ನು ಪೊಲೀಸ್ ಠಾಣೆಯನ್ನಾಗಿ ಮಾಡಿದ್ದೇವೆ. ಮಗುವಿನ ಅಳು ಕೇಳಿಸಿದರೆ ಆ ತಾಯಿಗೆ ಸಂಕಟವಾಗುವುದೆಂದು ಸಾಮೂಹಿಕ ನಮಾಝನ್ನೇ ಪ್ರವಾದಿಯವರು ಸಂಕ್ಷಿಪ್ತಗೊಳಿಸುತ್ತಿದ್ದರೆಂದು ಹದೀಸ್‌ಗಳಲ್ಲಿದೆ. ವಾರಕ್ಕೆರಡು ದಿನ ಅಂಗಡಿಯ ಬಾಗಿಲನ್ನು ಒಂದು ಗಂಟೆ ಬೇಗ ಹಾಕಲು ನಮ್ಮಿಂದಾಗದೇ? ಇಂಗ್ಲಿಷ್ ಹೇಳಿಕೊಡಲು ಬಾರದಿದ್ದರೂ ಪರವಾಗಿಲ್ಲ, ಮಗು ಎಚ್ಚರವಿರುವಾಗ ಮನೆಯಲ್ಲಿದ್ದರೆ ಸಾಕು. ಪರದೇಶದಲ್ಲಿರುವವರಿಗೆ ಆ ಅನುಕೂಲವಿಲ್ಲ ನಿಜ. ಆದರೆ ಮಾರ್ಕನ್ನು ಬಿಟ್ಟು ಬೇರೇನನ್ನಾದರೂ ಕೇಳಲು ವೀಸಾ ಬೇಕಾಗಿಲ್ಲ.

ಕಲಿಸಲು ಇಂಗ್ಲಿಷೇ ಬೇಕು ಎಂಬ ಭ್ರಮೆಯನ್ನು ತಾಯಂದಿರೂ ಬಿಡಬೇಕಾಗಿದೆ. ಇಂದು ಶಾಲೆಯಲ್ಲಿ ಏನು ಕಲಿತೆ, ಬ್ಯಾರಿಯಲ್ಲಿ ಹೇಳು, ಉರ್ದುವಿನಲ್ಲಿ ಹೇಳು ಎಂದು ಕೇಳಿ ನೋಡಿ. ಮನೆಮಾತಿನಲ್ಲಿ ಹೇಳಲು ಬಂದರೆ ಮಗುವಿಗೆ ಅರ್ಥವಾಗಿದೆ ಎಂದರ್ಥ. ಇಂಗ್ಲಿಷಿನಲ್ಲಿ ಗಿಣಿಪಾಠ ಒಪ್ಪಿಸಿ ಮನೆಮಾತಿನಲ್ಲಿ ತಬ್ಬಿಬ್ಬಾದರೆ ಅರ್ಥವಾಗಿಲ್ಲ. ಇದನ್ನು ತಿಳಿಯಲು ತಾಯಿಗೆ ಇಂಗ್ಲಿಷಿನ ಅಗತ್ಯವಿಲ್ಲ. ಒಂದು ತೆಂಗಿನಕಾಯಿಗೆ ಇಷ್ಟಾದರೆ ಏಳಕ್ಕೆ ಎಷ್ಟು, ನೂರು ಕೊಟ್ಟರೆ ಮೀನಿನವನು ಎಷ್ಟು ಹಿಂದಿರುಗಿಸಬೇಕು ಎಂದು ಕೇಳುವ ತಾಯಿ ಗಣಿತವನ್ನೇ ಕಲಿಸುತ್ತಿದ್ದಾಳೆ. ಸಾಧ್ಯವಿರುವಲ್ಲೆಲ್ಲ ಕನಿಷ್ಠ ಐದನೇ ತರಗತಿಯವರೆಗೆ ಮನೆಮಾತಿನಲ್ಲಿ ಕಲಿಸಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿದಾಗ ಆ ನೀತಿಯ ಇತರ ಹಲವು ಅಂಶಗಳ ಬಗ್ಗೆ ನಮಗೆ ತಕರಾರಿತ್ತು. ಆದರೆ ಈ ಮಾತಿನಲ್ಲಿ ಸತ್ಯವಿದೆ. ಬ್ಯಾರಿ ಭಾಷೆಗೆಂದು 2009ರಲ್ಲಿ ಅಕಾಡೆಮಿಯನ್ನೇ ಪಡೆದುಕೊಂಡೆವು. ಅಕಾಡೆಮಿಯ ಸಮಾರಂಭದಲ್ಲಿ ಭಾಷೆಯ ಹಿರಿಮೆಯನ್ನು ಕೊಂಡಾಡಿ ಮನೆಗೆ ಬಂದು ಮಗುವಿನೊಡನೆ ಹರುಕುಮುರುಕು ಇಂಗ್ಲಿಷ್ ಮಾತಾಡುವವರನ್ನು ನಾವು ಕಂಡಿದ್ದೇವೆ.

ಹಾಗೆಯೇ ಕನ್ನಡ. ಯಾವ ಮಾಧ್ಯಮದ, ಯಾವ ಪಠ್ಯಕ್ರಮದ ಶಾಲೆಯಾದರೂ ಮಕ್ಕಳಿಗೆ ಕನ್ನಡ ಕಲಿಸಬೇಕೆಂದು ರಾಜ್ಯವು 2015ರಲ್ಲಿ ಕಾಯ್ದೆ ಮಾಡಿತು. 2017-18ರಿಂದ ಒಂದನೇ ತರಗತಿಯಿಂದ ಹಂತಹಂತವಾಗಿ ಜಾರಿಗೆ ತಂದಿತು. ಇಂಗ್ಲಿಷ್ ಮಾಧ್ಯಮದ ನಮ್ಮ ಮಕ್ಕಳು ಹೆಚ್ಚು ಎಡವುವುದು ಈ ಕನ್ನಡ ಪಾಠದಲ್ಲೇ, ಒತ್ತಕ್ಷರಗಳಲ್ಲಿ. ಏಳನೇ ತರಗತಿಯವರೆಗೆ ಕನ್ನಡ ಓದಿದ ಆ ತಾಯಿ ಇಲ್ಲಿ ಯಾವ ಟ್ಯೂಶನ್ ಟೀಚರಿಗೂ ಕಡಿಮೆಯಿಲ್ಲ. ಆದರೆ ಮಗನ ಕನ್ನಡ ಪುಸ್ತಕವನ್ನು ತಾನು ತೆರೆದೇ ನೋಡಿಲ್ಲವೆಂದು ಆಕೆ ನಮ್ಮಲ್ಲಿ ಹೇಳಿದರು. ಬ್ಯಾಗಿನಲ್ಲಿರುವುದೆಲ್ಲ ಇಂಗ್ಲಿಷ್ ಎಂದೇ ತಿಳಿದಿದ್ದರಂತೆ.

ಶಾಲೆಗಳಿಗೂ ನಾವು ಒಂದೆರಡು ಮಾತುಗಳನ್ನು ಹೇಳಬೇಕಾಗಿದೆ, ಮುಖ್ಯವಾಗಿ ಸಮುದಾಯದ ಟ್ರಸ್ಟ್‌ಗಳು ನಡೆಸುವ ಶಾಲೆಗಳಿಗೆ. ಹೆತ್ತವರ ಸಭೆ ಎಂದು ನೀವು ಕರೆಯುವ ಸಭೆಯನ್ನು ಒಮ್ಮೆ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿ. ವೇದಿಕೆಯಲ್ಲಿ ಇಂಗ್ಲಿಷ್. ಕೆಳಗೆ ಬುರ್ಖಾ ತೊಟ್ಟ ತಾಯಂದಿರು ಪರಸ್ಪರ ಮುಖ ನೋಡುತ್ತಾ, ಇತರರು ತಲೆಯಾಡಿಸಿದಾಗ ತಾವೂ ತಲೆಯಾಡಿಸುತ್ತಾ ಕುಳಿತಿರುತ್ತಾರೆ. ತಮಾಷೆಯೆಂದರೆ, ಮಾತಾಡುತ್ತಿರುವ ಅಧ್ಯಾಪಿಕೆಯೂ ಪಕ್ಕದ ಬೀದಿಯ ಹುಡುಗಿ, ಮನೆಗೆ ಹೋದರೆ ಅದೇ ಬ್ಯಾರಿ ಅಥವಾ ಉರ್ದು ಮಾತಾಡುವವಳು. ಆಕೆಯನ್ನು ದೂರಿ ಫಲವಿಲ್ಲ. ಆಕೆಗೆ ಕೊಡುವ ಸಂಬಳ ಎಷ್ಟೆಂದು ಆಡಳಿತ ಮಂಡಳಿಗಳಿಗೆ ಗೊತ್ತಿದೆ, ಇಂಗ್ಲಿಷ್ ಬಿಟ್ಟು ಬೇರೇನನ್ನೂ ಆಡಕೂಡದೆಂದು ತಾಕೀತು ಮಾಡಿದವರೂ ಅವರೇ. ಮಗುವಿಗೆ ಇಂಗ್ಲಿಷ್ ಕಲಿಸಿ, ಆದರೆ ಡೈರಿ ಇರುವುದು ಮಗುವಿಗಲ್ಲ, ಹೆತ್ತವರಿಗೆ. ಡೈರಿಯ ಎರಡು ಸಾಲನ್ನು ಕನ್ನಡದಲ್ಲಿ ಬರೆದರೆ ಶಾಲೆಯ ಘನತೆಗೆ ಯಾವ ಕುಂದು ಬರುತ್ತದೆ? ಕನ್ನಡವೂ ಬಾರದ ತಾಯಂದಿರಿದ್ದರೆ ಮನೆಮಾತಿನಲ್ಲೇ ಮೊಬೈಲಿಗೆ ಒಂದು ಧ್ವನಿಸಂದೇಶ ಕಳುಹಿಸಬಹುದು. ಇದಕ್ಕೆ ಹೊಸ ಕಟ್ಟಡ ಬೇಡ, ದಾನಿಗಳು ಬೇಡ.

ಇನ್ನು ಬಾಗಿಲ ಹೊರಗೆ ನಿಲ್ಲಿಸಿದ ಸಂಗತಿ. ಮಗುವಿಗೆ ದೈಹಿಕ ಶಿಕ್ಷೆಯನ್ನಾಗಲಿ ಮಾನಸಿಕ ಕಿರುಕುಳವನ್ನಾಗಲಿ ಕೊಡಬಾರದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ. 2012ರ ತಿದ್ದುಪಡಿಯು ಮದ್ರಸಗಳನ್ನು ಆ ಕಾಯ್ದೆಯಿಂದ ಹೊರಗಿಟ್ಟಿತು. ಮಾಧ್ಯಮದ ತೀರ್ಪು ಬಂದ ಅದೇ 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಇನ್ನೊಂದು ತೀರ್ಪು ಅಲ್ಪಸಂಖ್ಯಾತ ಶಾಲೆಗಳಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲವೆಂದಿತು. ಸಂವಿಧಾನ ಕೊಟ್ಟ ಹಕ್ಕನ್ನು ಎತ್ತಿಹಿಡಿದ ತೀರ್ಪೆಂದು ನಾವೆಲ್ಲ ಸಂತೋಷಪಟ್ಟೆವು. ಸಂಸ್ಥೆಯನ್ನು ಕಟ್ಟುವ, ನಡೆಸುವ ಹಕ್ಕು ನಮ್ಮದೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಸರಕಾರಿ ಶಾಲೆಯ ಮಗುವಿಗೆ ಕಾನೂನು ಕೊಡುವ ರಕ್ಷಣೆಯನ್ನು ನಮ್ಮ ಶಾಲೆಯ ಮಗುವಿಗೆ, ನಮ್ಮ ಮದ್ರಸದ ಮಗುವಿಗೆ ನಾವಾಗಿಯೇ ಕೊಡಬೇಡವೇ? ಬೆತ್ತವು ಯಾವ ಕಾಯ್ದೆಯ ವ್ಯಾಪ್ತಿಯಲ್ಲಿದೆ ಎಂಬುದು ಪುಟ್ಟ ಅಂಗೈಗೆ ತಿಳಿಯುವುದಿಲ್ಲ.

ಸರಕಾರಿ ಶಾಲೆಗೆ ಮಕ್ಕಳನ್ನು ಕಳುಹಿಸುವ ತಾಯಂದಿರಿಗೆ ಇನ್ನೊಂದು ಅವಕಾಶವಿದೆ, ಅದನ್ನು ಅವರು ಬಳಸುತ್ತಿರುವುದು ಕಡಿಮೆ. ಶಾಲಾ ಸಮಿತಿಯಲ್ಲಿ ಮುಕ್ಕಾಲು ಭಾಗ ಹೆತ್ತವರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎಂಬುದು ಅದೇ ಕಾಯ್ದೆಯ ನಿಯಮ. ನಮ್ಮ ಕೆಲವೆಡೆ ಎಸ್‌ಡಿಎಂಸಿಯಲ್ಲಿ ಪತ್ನಿಯ ಹೆಸರಿರುತ್ತದೆ, ಸಭೆಗೆ ಪತಿ ಹೋಗುತ್ತಾರೆ, ಸಹಿಗೆ ಮಾತ್ರ ಪುಸ್ತಕ ಮನೆಗೆ ಬರುತ್ತದೆ. ಓದದೆ ಸಹಿ ಹಾಕುವ ರೂಢಿ ಡೈರಿಗಿಂತ ಮೊದಲೇ ಅಲ್ಲಿಂದಲೇ ಶುರುವಾಯಿತೋ ಏನೋ.

ಅಂದು ಆ ತಾಯಿ ಹೊರಡುವ ಮುನ್ನ ಡೈರಿಯನ್ನು ಮುಂದಿಟ್ಟು, ಅಧ್ಯಾಪಿಕೆಗೆ ಇಂಗ್ಲಿಷಿನಲ್ಲಿ ಒಂದು ಉತ್ತರ ಬರೆದುಕೊಡುವಂತೆ ಕೇಳಿಕೊಂಡರು. ಎರಡು ನಿಮಿಷದ ಕೆಲಸ. ನಮ್ಮವರೊಬ್ಬರು ಪೆನ್ನನ್ನೂ ತೆಗೆದರು. ಬಳಿಕ, ಬೇಡ, ನೀವೇ ಬರೆಯಿರಿ, ನಿಮಗೆ ಬರುವ ಕನ್ನಡದಲ್ಲಿ ಎಂದೆವು. ಆಕೆ ಹಿಂಜರಿದರು. ಕನ್ನಡದಲ್ಲಿ ಬರೆದರೆ ಮಗನಿಗೆ ಶಾಲೆಯಲ್ಲಿ ಕೀಳರಿಮೆಯಾದೀತೆಂಬ ಭಯ ಅವರಿಗಿತ್ತು. ಸ್ವಲ್ಪ ಹೊತ್ತು ಸುಮ್ಮನೆ ಕುಳಿತು, ಆಮೇಲೆ ಮೇಜಿನ ಮೂಲೆಯಲ್ಲಿ ಬಾಗಿ, ಮೂರು ಇಂಗ್ಲಿಷ್ ಷರಾಗಳ ಕೆಳಗೆ ದುಂಡಗಿನ ಅಕ್ಷರಗಳಲ್ಲಿ ಬರೆದರು: "ಟೀಚರಿಗೆ ನಮಸ್ಕಾರ. ಮಗ ಹೋಮ್‌ವರ್ಕ್ ಮಾಡಿಲ್ಲ ಎಂದು ನನಗೆ ಈ ದಿನ ಗೊತ್ತಾಯಿತು. ಅವನನ್ನು ಹೊರಗೆ ನಿಲ್ಲಿಸಬೇಡಿ. ಇನ್ನು ಮುಂದೆ ಕನ್ನಡದಲ್ಲಿ ಬರೆಯಿರಿ, ನಾನು ಓದುತ್ತೇನೆ."